ಎರಡನೇ ಹನಿ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ಹೈದರಾಬಾದ್ ಪರರಾಜ್ಯದ ಊರು ಅನ್ನಿಸುವುದು ಕಡಿಮೆ. 1956ರ ನವೆಂಬರ್ 1ರವರೆಗೆ ಅದೇ ಅವರ ರಾಜಧಾನಿಯಾಗಿತ್ತು. ಗಡಿ ಬದಲಾದರೂ ದೊಡ್ಡ ಕಾಯಿಲೆ ಬಂದರೆ ಕಾಲು ಈಗಲೂ ಆ ಕಡೆಗೇ ತಿರುಗುತ್ತದೆ. ಬೀದರಿನಿಂದ ಸುಮಾರು 140 ಕಿಲೋಮೀಟರ್. ಬೆಳಗಿನ ಜಾವದ ಬಸ್ಸು, ಕಂಕುಳಲ್ಲಿ ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಚೀಲ, ರಕ್ತ ಕೊಡಬೇಕಾದ್ದರಿಂದ ಖಾಲಿ ಹೊಟ್ಟೆ. ರಿಪೋರ್ಟು ಸಂಜೆಗೆ ಸಿಗುತ್ತದೆ ಎಂದರೆ ಆ ದಿನದ ಕೂಲಿ ಹೋಯಿತು. ನಾಳೆಗೆ ಎಂದರೆ ಜೊತೆಗೆ ಬಂದವರದೂ ಹೋಯಿತು, ರಾತ್ರಿ ತಂಗುವ ಖರ್ಚು ಬೇರೆ. ಚಿಕಿತ್ಸೆಗಿಂತ ಮುಂಚೆ ರೋಗಿಯನ್ನು ಸುಸ್ತು ಮಾಡುವುದು ಈ ಕಾಯುವಿಕೆ.

ಅದೇ ಊರಿನ ಕೆಲವು ಪ್ರಯೋಗಾಲಯಗಳಲ್ಲಿ ಈ ಕಾಯುವಿಕೆಯನ್ನೇ ಇಲ್ಲವಾಗಿಸುವ ಕೆಲಸ ನಡೆಯುತ್ತಿದೆ. ಶಾಮೀರ್‌ಪೇಟೆ ಕಡೆ ಇರುವ ಬಿಟ್ಸ್ ಪಿಲಾನಿಯ ಹೈದರಾಬಾದ್ ಆವರಣದಲ್ಲಿ ಪ್ರೊ. ಸಂಕೇತ್ ಗೋಯಲ್ ಅವರ ತಂಡವಿದೆ. ಸೂಕ್ಷ್ಮ ಕಾಲುವೆಗಳಲ್ಲಿ ದ್ರವ ಹರಿಸುವ ವಿದ್ಯೆಯೇ ಅದರ ಕಸುಬು. ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿರುವ ಐಐಟಿ ಹೈದರಾಬಾದಿನಲ್ಲಿ ಪ್ರೊ. ಶಿವ ಗೋವಿಂದ್ ಸಿಂಗ್ ಮತ್ತು ಸಹೋದ್ಯೋಗಿಗಳು ಜೈವಿಕ ಸಂವೇದಕಗಳ ಹಿಂದೆ ಬಿದ್ದಿದ್ದಾರೆ. ಮೈಕ್ರೋಫ್ಲೂಯಿಡಿಕ್ಸ್ ಎಂಬ ಹೆಸರು ಬಾಯಿಗೆ ಸುಲಭವಾಗಿ ಹೊರಳುವುದಿಲ್ಲ, ಆದರೆ ಅದರ ಆಸೆ ಸರಳ. ತೋಳಿನಿಂದ ಐದು ಮಿಲಿಲೀಟರ್ ರಕ್ತ ಎಳೆಯುವ ಬದಲು ಬೆರಳ ತುದಿಯ ಒಂದು ಹನಿ ಸಾಕಾಗಬೇಕು. ಹನಿಗೆ ಇಪ್ಪತ್ತು ಮೈಕ್ರೋಲೀಟರ್ ಎಂದು ಹಿಡಿದರೆ ಆ ಐದು ಮಿಲಿಲೀಟರಿನಲ್ಲಿ 250 ಹನಿಗಳಿವೆ. ಅಷ್ಟನ್ನು ಒಂದಕ್ಕೆ ಇಳಿಸಬೇಕು, ಪ್ರಯೋಗಾಲಯವನ್ನೇ ಅಂಗೈಗೆ ತರಬೇಕು.

ದ್ರವವನ್ನು ಚಿಕ್ಕ ಜಾಗಕ್ಕೆ ಇಳಿಸಿದರೆ ಅದರ ಸ್ವಭಾವವೇ ಬದಲಾಗುತ್ತದೆ. ಕೂದಲಿನಷ್ಟು ಸಪೂರ ಕಾಲುವೆಯಲ್ಲಿ ನೀರು ಸುಳಿಯುವುದಿಲ್ಲ, ಕಲಕುವುದಿಲ್ಲ. ಎರಡು ದ್ರವಗಳನ್ನು ಒಟ್ಟಿಗೆ ಬಿಟ್ಟರೆ ಜಡೆಯ ಎರಡು ಎಳೆಗಳಂತೆ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಬೆರೆಯಬೇಕಾದರೆ ಅಣುಗಳು ತಾವಾಗಿಯೇ ದಾಟಿ ಹೋಗಬೇಕು. ನಿಂತ ನೀರಿನಲ್ಲಿ ಗ್ಲೂಕೋಸ್ ಅಣುವಿಗೆ ಒಂದು ಸೆಂಟಿಮೀಟರ್ ಸಾಗಲು ಹೆಚ್ಚು ಕಡಿಮೆ ಒಂದು ದಿನ ಬೇಕು. ಅದರ ನೂರರಲ್ಲಿ ಒಂದು ಪಾಲು ದೂರವಾದರೆ ಎಂಟು ಹತ್ತು ಸೆಕೆಂಡು. ದೂರ ನೂರು ಪಟ್ಟು ಇಳಿದರೆ ಸಮಯ ಹತ್ತು ಸಾವಿರ ಪಟ್ಟು ಇಳಿಯುತ್ತದೆ. ಸಂಜೆಯ ರಿಪೋರ್ಟು ನಿಮಿಷಗಳಿಗೆ ಬರಬಹುದೆಂಬ ನಂಬಿಕೆಗೆ ಈ ಲೆಕ್ಕವೂ ಒಂದು ಆಧಾರ.

ಇಂಥ ಸಾಧನ ಮಾಡಲು ಮೊದಲು ದುಬಾರಿ ಸ್ವಚ್ಛ ಕೋಣೆಗಳು ಬೇಕಾಗಿದ್ದವು. ಈಗ ಹಾಗಿಲ್ಲ. 2007ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದ ಮೇಲೆ ನೀರು ದಾಟದ ಗೆರೆಗಳನ್ನು ಮೂಡಿಸಿ, ಮೂತ್ರದ ಸಕ್ಕರೆಯನ್ನೂ ಪ್ರೋಟೀನನ್ನೂ ಅದೇ ಕಾಗದದಲ್ಲಿ ಪರೀಕ್ಷಿಸಿ ತೋರಿಸಿತು. ಪಂಪಿಲ್ಲ, ವಿದ್ಯುತ್ತಿಲ್ಲ, ದೀಪದ ಬತ್ತಿ ಎಣ್ಣೆ ಹೀರುವಂತೆ ಕಾಗದ ದ್ರವವನ್ನು ಹೀರುತ್ತದೆ. 2014ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಟೂರ್ ತಂಡದವರು ಪಾಲಿಇಮೈಡ್ ಎಂಬ ಹಳದಿ ಪ್ಲಾಸ್ಟಿಕ್ ಹಾಳೆಯನ್ನು ಲೇಸರಿನಿಂದ ಸುಟ್ಟರೆ ಸುಟ್ಟ ಗೆರೆಯೇ ವಿದ್ಯುತ್ ಹರಿಸುವ ಗ್ರಾಫೀನ್ ಆಗುವುದನ್ನು ಕಂಡರು. ಮರದ ಮೇಲೆ ಹೆಸರು ಕೆತ್ತಿಕೊಡುವ ಅಂಗಡಿಯ ಯಂತ್ರದ ಜಾತಿಯದೇ ಲೇಸರು. ಬಿಟ್ಸ್‌ನ ತಂಡ ಕಾಗದ, ಲೇಸರ್ ಗ್ರಾಫೀನ್, ತ್ರೀಡಿ ಮುದ್ರಣ ಮೂರನ್ನೂ ಬಳಸಿಕೊಂಡಿದೆ. ಅಗ್ಗದ ಕಚ್ಚಾ ಸಾಮಗ್ರಿಯನ್ನೇ ಆರಿಸಿಕೊಂಡಿರುವುದು ಬಡತನದ ಲಕ್ಷಣವಲ್ಲ, ವಿವೇಕ. ಹಳ್ಳಿಯ ಉಪಕೇಂದ್ರಕ್ಕೆ ಹೋಗಬೇಕಾದ ವಸ್ತುವಿನ ಬೆಲೆ ಮೊದಲ ದಿನದಿಂದಲೇ ತಲೆಯಲ್ಲಿರಬೇಕು.

ಸಂವೇದಕ ಅಂದರೆ ಹೊಸದೇನೋ ಅಲ್ಲ. ಮನೆಯ ಗ್ಲೂಕೋಮೀಟರ್ ಸಂವೇದಕವೇ. 1962ರಲ್ಲಿ ಲೀಲಂಡ್ ಕ್ಲಾರ್ಕ್ ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸಬಹುದೆಂದು ತೋರಿಸಿದ. ಕಿಣ್ವ ಸಕ್ಕರೆಯನ್ನು ಗುರುತಿಸುತ್ತದೆ, ವಿದ್ಯುದ್ವಾರ ಆ ಗುರುತನ್ನು ಅಂಕಿಯಾಗಿಸುತ್ತದೆ. ಗರ್ಭಧಾರಣೆಯ ಪಟ್ಟಿಯೂ ಸಂವೇದಕವೇ, ಕಾಗದದ ಕಾಲುವೆಯೂ ಹೌದು. ಅದರಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೋಕಣಗಳದ್ದು. ಚಿನ್ನ ಅಷ್ಟು ಚಿಕ್ಕದಾದಾಗ ಹಳದಿ ಬಿಟ್ಟು ಕೆಂಪಾಗುತ್ತದೆ. ಬಾತ್‌ರೂಮಿನ ಕಸದ ಬುಟ್ಟಿಗೆ ಅಷ್ಟು ಬಂಗಾರ ಹೋಗುವುದು ಅತ್ತೆಯಂದಿರಿಗೆ ಗೊತ್ತಿಲ್ಲ.

ಹನಿಯೊಂದನ್ನು ನಂಬಿ ಕೂರುವುದು ಹೈದರಾಬಾದಿಗೆ ಹಳೆಯ ಚಾಳಿ. 1895ರಲ್ಲಿ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ಮುಂದೆ ಸಿಕಂದರಾಬಾದಿಗೆ ಮರಳಿ ಬೇಗಂಪೇಟೆಯಲ್ಲಿ ಸೊಳ್ಳೆ ಕತ್ತರಿಸುತ್ತ ಕೂತ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಸೊಳ್ಳೆ ಒಂದು ಸಲಕ್ಕೆ ಹೀರುವುದು ಎರಡು ಮೂರು ಮೈಕ್ರೋಲೀಟರ್ ರಕ್ತ. ಅಷ್ಟು ಸಪೂರ ನಳಿಕೆಯಲ್ಲಿ, ಹೆಪ್ಪುಗಟ್ಟದಂತೆ, ನೋವೂ ತಿಳಿಯದಂತೆ ರಕ್ತ ಎಳೆಯುವ ಕೆಲಸವನ್ನು ಅದರಷ್ಟು ಚೆನ್ನಾಗಿ ಮಾಡುವ ಯಂತ್ರವನ್ನು ಇಂದಿನ ಎಂಜಿನಿಯರುಗಳೂ ಹೊಟ್ಟೆಕಿಚ್ಚಿನಿಂದಲೇ ನೋಡಬೇಕು.

ಇಷ್ಟೆಲ್ಲ ಇದ್ದೂ ತೊಡಕು ಇರುವುದು ಎಲ್ಲಿ? ಯಂತ್ರದಲ್ಲಿ ಅಲ್ಲ, ಹನಿಯಲ್ಲಿ. ಬೆರಳು ಚುಚ್ಚುವ ಕೆಲಸ ಬಲ್ಲ ನರ್ಸುಗಳು ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎಸೆಯುತ್ತಾರೆ. ಚರ್ಮದಡಿಯ ದ್ರವ ಅದರಲ್ಲಿ ಸೇರಿರುತ್ತದೆ, ಅಂಕಿ ಕೆಡುತ್ತದೆ. ಎರಡನೇ ಹನಿ ಬೇಕು, ಅದೂ ಹಿಂಡಿ ತೆಗೆದದ್ದಲ್ಲ, ತಾನಾಗಿ ಒಸರಿದ್ದು. ಅದೂ ಸಾಲದು ಅನ್ನುತ್ತದೆ 2015ರಲ್ಲಿ ರೈಸ್ ವಿಶ್ವವಿದ್ಯಾಲಯದ ಮೇಘನ್ ಬಾಂಡ್ ಮತ್ತು ರೆಬೆಕಾ ರಿಚರ್ಡ್ಸ್-ಕೋರ್ಟಮ್ ಪ್ರಕಟಿಸಿದ ಅಧ್ಯಯನ. ಒಂದೇ ಬೆರಳಿನಿಂದ ಒಂದರ ಹಿಂದೆ ಒಂದು ಬಂದ ಹನಿಗಳಲ್ಲೇ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳ ಎಣಿಕೆ ಏರಿಳಿಯುತ್ತದೆ. ತೋಳಿನ ರಕ್ತದ ಸ್ಥಿರತೆ ಬರಬೇಕಾದರೆ ಆರರಿಂದ ಒಂಬತ್ತು ಹನಿಗಳ ಸರಾಸರಿ ತೆಗೆಯಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾನ್ ಕ್ಯಾರಿರೂ ಎಂಬ ಪತ್ರಕರ್ತ ಥೆರಾನೋಸ್ ಕಂಪನಿಯ ಬಣ್ಣ ಬಯಲು ಮಾಡಿದ. ಕೆಲವೇ ಹನಿಗಳಲ್ಲಿ ನೂರಾರು ಪರೀಕ್ಷೆ ಎಂದು ಹಣ ಎತ್ತಿದ್ದ ಎಲಿಜಬೆತ್ ಹೋಮ್ಸ್ 2022ರ ಜನವರಿಯಲ್ಲಿ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿ ಎಂದು ತೀರ್ಪಾಯಿತು. ಆ ಕಥೆಯನ್ನು ದುರಾಸೆಯ ಕಥೆಯಾಗಿ ಓದುವುದು ರೂಢಿ. ಹನಿಗೆ ಅದರ ಶಕ್ತಿಗೆ ಮೀರಿ ಮಾತಾಡಲು ಒತ್ತಾಯಿಸಿದ ಕಥೆಯೂ ಅದು.

ಎಣಿಕೆಯ ಇನ್ನೊಂದು ತಿರುವು ಇದೆ. ಕೋವಿಡ್ ಕಾಲದಲ್ಲಿ ಶಿವ ಗೋವಿಂದ್ ಸಿಂಗ್ ತಂಡ ಕೋವಿಹೋಮ್ ಎಂಬ ಕಿಟ್ ಮಾಡಿತು. ಅರ್ಧ ಗಂಟೆಯೊಳಗೆ ಫಲಿತಾಂಶ, ಆರ್‌ಟಿ-ಪಿಸಿಆರ್ ಯಂತ್ರ ಬೇಡ. 2021ರಲ್ಲಿ ಹೊರಬಂದ ಅಂಕಿಗಳ ಪ್ರಕಾರ ಸೋಂಕಿತರಲ್ಲಿ ಶೇ 91.3 ಮಂದಿಯನ್ನು ಅದು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಶೇ 98.2 ಮಂದಿಗೆ ಇಲ್ಲ ಎಂದೇ ಹೇಳುತ್ತದೆ. ಒಳ್ಳೆಯ ಅಂಕಿಗಳು. ಇಂಥ ಅಂಕಿಯ ಯಾವುದೇ ಕಿಟ್ಟನ್ನು ಸಾವಿರ ಜನರಿರುವ ಹಳ್ಳಿಗೆ ಒಯ್ಯಿರಿ. ಅಲ್ಲಿ ಸೋಂಕಿತರು ಹತ್ತೇ ಜನ ಎಂದಿಟ್ಟುಕೊಳ್ಳಿ. ಅವರಲ್ಲಿ ಒಂಬತ್ತು ಮಂದಿ ಸಿಗುತ್ತಾರೆ. ಉಳಿದ 990 ಜನರಲ್ಲಿ ಸುಮಾರು ಹದಿನೆಂಟು ಮಂದಿಗೆ ಸುಳ್ಳೇ ಸೋಂಕು ಅಂಟುತ್ತದೆ. ಪಾಸಿಟಿವ್ ಬಂದ ಇಪ್ಪತ್ತೇಳರಲ್ಲಿ ಹದಿನೆಂಟು ಜನ ಆರೋಗ್ಯವಂತರು! ಅದೇ ಹಳ್ಳಿಯಲ್ಲಿ ಮುನ್ನೂರು ಜನ ಸೋಂಕಿತರಿದ್ದರೆ 274 ನಿಜ, ಹದಿಮೂರು ಸುಳ್ಳು. ಕಿಟ್ ಬದಲಾಗಲಿಲ್ಲ, ಊರು ಬದಲಾಯಿತು. ಡಬ್ಬಿಯ ಮೇಲೆ ಇದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಅದೇ ಐಐಟಿ ತಂಡ 2018ರಲ್ಲಿ ಹಾಲಿನ ಕಲಬೆರಕೆಗೆ ಮಾಡಿದ ಸಾಧನ ಈ ದೃಷ್ಟಿಯಿಂದ ಹೆಚ್ಚು ನಿರಾಳವಾದದ್ದು. ನೈಲಾನ್ ನ್ಯಾನೋನಾರಿನ ಹಾಳೆಯಲ್ಲಿ ಮೂರು ಬಣ್ಣಗಳನ್ನು ತುಂಬಿ, ಹಾಲಿನಲ್ಲಿ ಅದ್ದಿ, ಬದಲಾದ ಬಣ್ಣವನ್ನು ಮೊಬೈಲ್ ಕ್ಯಾಮೆರಾದಲ್ಲಿ ಸೆರೆಹಿಡಿದು ಆಮ್ಲೀಯತೆ ಹೇಳುವ ಉಪಾಯ. ಹುಳಿ ಮುಚ್ಚಲು ಸೋಡಾ ಹಾಕಿದರೆ ಸಿಕ್ಕಿಬೀಳುತ್ತಾರೆ. ಬರೀ ನೀರು ಬೆರೆಸಿದವರು ಪಾರಾಗುತ್ತಾರೆ, ಅವರಿಗೆ ಹಳೆಯ ಲ್ಯಾಕ್ಟೋಮೀಟರೇ ಸರಿ. ಹಾಲು ತಪ್ಪು ಹೇಳಿದರೆ ಒಂದು ಕ್ಯಾನು ಚೆಲ್ಲಬಹುದು. ರಕ್ತ ತಪ್ಪು ಹೇಳಿದರೆ ಹಾಗಲ್ಲ.

ಕಲ್ಯಾಣ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಮೊನೆಯಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕೆಂಪುಕಣ ಕಡಿಮೆಯಿದ್ದರೆ ಎಷ್ಟೋ ಗ್ಲೂಕೋಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಕೂಡ ಸುಮಾರು 120 ದಿನ ಬಾಳುವ ಕೆಂಪುಕಣವನ್ನೇ ನಂಬಿಕೊಂಡಿದೆ. ಕಬ್ಬಿಣದ ಕೊರತೆಯಲ್ಲಿ ಅದು ಮೇಲೆ ಸರಿಯುತ್ತದೆ, ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ ಕೆಳಗೆ. ಆರೋಗ್ಯವಂತ ರಕ್ತದ ಮೇಲೆ ಅಳತೆ ಕೂರಿಸಿದ ಸಾಧನ, ಅದು ಯಾರಿಗೆ ಹೆಚ್ಚು ಬೇಕೋ ಅವರ ವಿಷಯದಲ್ಲೇ ಹೆಚ್ಚು ಎಡವುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಇದೇ ಜಾಡಿನಲ್ಲಿ ಕೆಲಸ ಮಾಡಿದವರು. ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿ, ಸ್ಟ್ಯಾನ್‌ಫರ್ಡಿಗೆ ಹೋಗಿಬಂದು, 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ವಿನಯ್ ಕುಮಾರ್ ಅವರೊಂದಿಗೆ ಕಟ್ಟಿದ ಪಾಥ್‌ಶೋಧ್ ಕಂಪನಿಯ ಅಂಗೈ ಸಾಧನ ಸಕ್ಕರೆ, ಎಚ್‌ಬಿಎ1ಸಿಗಳ ಜೊತೆಗೆ ಗ್ಲೈಕೇಟೆಡ್ ಆಲ್ಬುಮಿನನ್ನೂ ಅಳೆಯುತ್ತದೆ. ಆಲ್ಬುಮಿನ್ ಕೆಂಪುಕಣದ ಹಂಗಿನಲ್ಲಿಲ್ಲ. ಒಂದು ಸಾಕ್ಷಿ ತೊದಲಿದರೆ ಕೇಳಲು ಇನ್ನೊಂದು ಸಾಕ್ಷಿ ಇರುತ್ತದೆ.

ಹೈದರಾಬಾದಿನಲ್ಲಿ ತಯಾರಾದ ಪಟ್ಟಿಯೊಂದು ರಾಯಚೂರಿನ ಉಪಕೇಂದ್ರ ತಲುಪುತ್ತದೆ ಎನ್ನೋಣ. ಕಿಣ್ವ ಕೂಡಿಸಿದ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಮೀರದಂತೆ ಇಡಬೇಕು, ತೇವ ತಾಗಬಾರದು. ರಾಯಚೂರಿನ ಮೇ ತಿಂಗಳು 40 ದಾಟುತ್ತದೆ, ಫ್ರಿಜ್ ಇದ್ದರೂ ಕರೆಂಟು ಹೋಗಿರುತ್ತದೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಡಬ್ಬಿ ಮನೆ ಮನೆ ಸುತ್ತುತ್ತದೆ. ಮುಂದಿರುವ ಬೆರಳು ಹತ್ತಿ ಬಿಡಿಸಿ, ಕಳೆ ಕಿತ್ತು ಜಡ್ಡುಗಟ್ಟಿದ್ದು. ಸೂಜಿ ಚುಚ್ಚಿದರೂ ರಕ್ತ ಒಸರುವುದಿಲ್ಲ, ಹಿಂಡಲೇಬೇಕಾಗುತ್ತದೆ. ಸಂಶೋಧನಾ ಲೇಖನಗಳ ಕೊನೆಯ ಪ್ಯಾರಾದಲ್ಲಿ ಬರುವ ಕ್ಷೇತ್ರಪರೀಕ್ಷೆ ಎಂಬ ಒಂದು ಪದದೊಳಗೆ ಈ ಬೆರಳು, ಈ ಬಿಸಿಲು, ಮುಚ್ಚಳ ಸಡಿಲವಾದ ಆ ಡಬ್ಬಿ ಎಲ್ಲವೂ ಇವೆ. ಅದಕ್ಕೆ ಪ್ರಯೋಗಾಲಯಕ್ಕೆ ಸಿಕ್ಕಷ್ಟು ದುಡ್ಡು ಸಿಗುವುದು ಅಪರೂಪ.