ಜನರೇಟರಿಗೂ ಬೇಕು ಹೆಪ್ಪು

ಕರೆಂಟು ಹೋಯಿತು ಅಂದರೆ ಈಗ ಯಾರೂ ಬುಡ್ಡಿದೀಪ ಹುಡುಕುವುದಿಲ್ಲ, ನೋಡಿ. ಯು.ಪಿ.ಎಸ್. ಇದೆ, ಅದೂ ಮುಗಿದರೆ ಜನರೇಟರ್ ಇದೆ ಎಂಬ ಧೈರ್ಯ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಮನೆಯ ಜನರೇಟರನ್ನು ಎಂದಾದರೂ ನಿಮ್ಮ ಕೈಯಿಂದ ಸ್ಟಾರ್ಟು ಮಾಡಿದ್ದೀರಾ? "ಅದೆಲ್ಲ ನಮ್ಮನೆಯವರು ನೋಡ್ಕೋತಾರೆ ಕಣ್ರೀ" ಅನ್ನುವವರೇ ಹೆಚ್ಚು. ಮರ ಮುರಿದು ತಂತಿಯ ಮೇಲೆ ಬೀಳುವುದು ಮಾತ್ರ ನಿಮ್ಮನೆಯವರು ಊರಲ್ಲಿಲ್ಲದ ದಿನವೇ!

ನಮ್ಮದು ತರೀಕೆರೆ ಕಡೆಯ ಅಡಿಕೆ ತೋಟದ ಮನೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಬುಡದಲ್ಲೇ ವಿದ್ಯುತ್ತು ತಯಾರಾಗುತ್ತದೆ. ಆದರೂ ಆಷಾಢದ ಗಾಳಿ ಎದ್ದಿತೆಂದರೆ ನಮಗೆ ಕತ್ತಲೆಯೇ. ತಂತಿ ತೋಟದೊಳಗೆ ಹಾದು ಬರಬೇಕು, ಗಾಳಿಗೆ ಮರ ಉರುಳುತ್ತದೆ, ಮಳೆ ನಿಲ್ಲದೆ ಲೈನ್‌ಮನ್ ಕಂಬ ಹತ್ತುವಂತಿಲ್ಲ. ಅವರನ್ನು ಬೈದು ಫಲವಿಲ್ಲ. ಮೆಸ್ಕಾಂನ 1912ಕ್ಕೆ ಫೋನು ಮಾಡಿ ದೂರು ಬರೆಸಿ ಕೂರುವುದು, ಅಷ್ಟೆ.

ಕೂರುವುದಕ್ಕೆ ನಮಗೇನೂ ತೊಂದರೆಯಿರಲಿಲ್ಲ, ನಮ್ಮತ್ತೆಯವರಿಗೆ ಆಮ್ಲಜನಕದ ಯಂತ್ರ ಬರುವವರೆಗೆ. ನಲವತ್ತು ವರ್ಷ ಸೌದೆ ಒಲೆಯ ಮುಂದೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತ ಜೀವ ಅವರದು. ಬೀಡಿ ಮುಟ್ಟಿದವರಲ್ಲ, ಆದರೂ ಶ್ವಾಸಕೋಶ ಸೋತಿತು. ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳಿ, ನಿಮಿಷಕ್ಕೆ 2 ಲೀಟರಿನಂತೆ ಕೊಡಿ ಎಂದರು ಡಾಕ್ಟರು. 2021ರ ಕೋವಿಡ್ ಹಾವಳಿಯಲ್ಲಿ ಈ ಯಂತ್ರದ ಹೆಸರು ಎಲ್ಲರ ಬಾಯಲ್ಲೂ ಇತ್ತು, ನಿಮಗೂ ನೆನಪಿರಬಹುದು. ಅದಕ್ಕೆ ಕರೆಂಟು ಬೇಕೇ ಬೇಕು.

ಲೆಕ್ಕ ಹೇಳುತ್ತೇನೆ, ಅಡುಗೆಯ ಅಳತೆಗಿಂತ ಕಷ್ಟವೇನಿಲ್ಲ. 5 ಲೀಟರಿನ ಇಂಥ ಯಂತ್ರ ಸುಮಾರು 350 ವ್ಯಾಟ್ ತಿನ್ನುತ್ತದೆ. ಮನೆಯ ಯು.ಪಿ.ಎಸ್.ಗೆ ಇರುವುದು ಒಂದು 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 1800 ಆಯಿತು. ಆದರೆ ಅಷ್ಟೂ ಕೈಗೆ ಬರುವುದಿಲ್ಲ; ಮೂರರಲ್ಲಿ ಎರಡು ಪಾಲು ಬಂದರೆ ಪುಣ್ಯ. ಅಂದರೆ ಮೂರು ಗಂಟೆ, ಮೂರೂಕಾಲು ಗಂಟೆ. ಮೇಲೆ ಎರಡು ದೀಪ, ಒಂದು ಫ್ಯಾನು ಹಾಕಿಕೊಂಡರೆ ಮೂರು ಗಂಟೆಗೂ ಕುತ್ತು. ಆಮೇಲೆ ಜನರೇಟರೇ ಗತಿ.

ಇಲ್ಲೇ ಇರುವುದು ಸಂಗತಿ. ಸೆಲ್ಫ್ ಸ್ಟಾರ್ಟಿನ ಜನರೇಟರ್ ಏಳಬೇಕಾದರೂ ಒಂದು ಬ್ಯಾಟರಿ ಬೇಕು! ಗುಂಡಿ ಒತ್ತಿದ ಕೂಡಲೇ ಎಂಜಿನ್ನನ್ನು ತಿರುಗಿಸುವ ಪುಟ್ಟ ಮೋಟಾರು ಕೆಲವೇ ಕ್ಷಣಗಳಲ್ಲಿ ಇಡೀ ಮನೆಯ ದೀಪ-ಫ್ಯಾನುಗಳಿಗಿಂತ ಎಷ್ಟೋ ಪಾಲು ಹೆಚ್ಚು ಕರೆಂಟು ಎಳೆಯುತ್ತದೆ. ನಮ್ಮ ಮನೆಗೆ ವೈರಿಂಗ್ ಮಾಡಿದಾತ "ಎರಡೆರಡು ಬ್ಯಾಟರಿ ಯಾಕಮ್ಮಾ, ದಂಡ" ಎಂದು ಜನರೇಟರಿನ ಸೆಲ್ಫನ್ನೂ ಯು.ಪಿ.ಎಸ್. ಬ್ಯಾಟರಿಗೇ ಕೊಟ್ಟು ಹೋಗಿದ್ದ. ಮೊಸರಿನ ಕಥೆ ಯೋಚಿಸಿ. ಹೆಪ್ಪಿಗೆಂದು ಒಂದು ಚಮಚ ತೆಗೆದಿಡದೆ ಗಡಿಗೆಯನ್ನೆಲ್ಲ ಬಡಿಸಿಬಿಟ್ಟರೆ ನಾಳೆ ಹಾಲು ಎಷ್ಟಿದ್ದರೇನು? ಜನರೇಟರ್ ಬೇಕಾಗುವುದು ಬ್ಯಾಟರಿ ಬರಿದಾದಾಗ. ಬ್ಯಾಟರಿ ಬರಿದಾದರೆ ಜನರೇಟರ್ ಏಳುವುದಿಲ್ಲ.

ಇದನ್ನು ನಮಗೆ ಮೊದಲು ತೋರಿಸಿಕೊಟ್ಟವಳು ದಾರಿಹೋಕಳೊಬ್ಬಳು. ಬೆಂಗಳೂರು-ಹೊನ್ನಾವರ ಹೆದ್ದಾರಿ ಕಡೂರು, ಬೀರೂರು ದಾಟಿ ತರೀಕೆರೆಯ ಮೇಲೆ ಹೋಗುತ್ತದಲ್ಲ, ಆ ದಾರಿಯಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟ ಗಂಡ-ಹೆಂಡತಿ ಒಂದು ಸಂಜೆ ನಮ್ಮ ಅಂಗಳದಲ್ಲಿ ವ್ಯಾನು ನಿಲ್ಲಿಸಿಕೊಳ್ಳಲು ಕೇಳಿದರು. ವ್ಯಾನೆಂದರೆ ವ್ಯಾನಲ್ಲ, ಮನೆಯೇ! ಮಂಚ, ಒಲೆ, ಫ್ರಿಜ್ಜು, ಹಿಂದೆ ಒಂದು ಪುಟಾಣಿ ಜನರೇಟರ್. ವಿದೇಶಗಳಲ್ಲಿ ಇಂಥ ಮನೆಗಾಡಿಗಳಲ್ಲಿ ತಿಂಗಳುಗಟ್ಟಲೆ ತಿರುಗುವ ಸಂಸಾರಗಳಿವೆಯಂತೆ. ರಾತ್ರಿಯೆಲ್ಲಾ ಫ್ರಿಜ್ಜು, ಫ್ಯಾನು ಓಡಿ ಬೆಳಗ್ಗೆ ಅವರ ಜನರೇಟರ್ ಬರೀ 'ಟಕ್ ಟಕ್' ಅಂದಿತು. ಆಕೆ ಗಾಬರಿಯಾಗಲಿಲ್ಲ. ಒಳಗಿನದನ್ನೆಲ್ಲ ಆರಿಸಿದಳು, ವ್ಯಾನಿನ ಎಂಜಿನ್ ಚಾಲು ಮಾಡಿದಳು, ಹತ್ತು ನಿಮಿಷ ನನ್ನ ಜೊತೆ ಕಾಫಿ ಕುಡಿದಳು, ಆಮೇಲೆ ಡ್ರೈವರ್ ಸೀಟಿನ ಬಳಿಯ ಒಂದು ಗುಂಡಿ ಒತ್ತಿಹಿಡಿದು ಜನರೇಟರಿನ ಗುಂಡಿ ಒತ್ತಿದಳು. ಎದ್ದಿತು. ಆ ಮೊದಲನೇ ಗುಂಡಿ ಗಾಡಿಯ ಬ್ಯಾಟರಿಯನ್ನೂ ಒಳಮನೆಯ ಬ್ಯಾಟರಿಯನ್ನೂ ಒಂದು ಗಳಿಗೆ ಕೂಡಿಸುತ್ತದಂತೆ. ಹೊರಡುವ ಮುನ್ನ ನಮ್ಮ ಶೆಡ್ಡು ನೋಡಿ, "ನಿಮ್ಮದೂ ಇದೇ ಕಥೆ ಆಂಟೀ, ಬೇರೆ ಬ್ಯಾಟರಿ ಹಾಕಿಸಿಬಿಡಿ" ಅಂದಳು. ನಮ್ಮ ಯಜಮಾನರು ಅಡಿಕೆ ದುಡ್ಡು ಬರಲಿ ಅಂದರು. ಅಡಿಕೆ ದುಡ್ಡು ಬಂದು ಹೋಗುವ ವೇಗ ನಿಮಗೆ ಗೊತ್ತೇ ಇದೆ.

ಆ ಆಷಾಢದಲ್ಲಿ ಯಜಮಾನರು ಅಜ್ಜಂಪುರಕ್ಕೆ, ದೊಡ್ಡಪ್ಪನವರ ತಿಥಿಗೆಂದು ಹೋದವರು ಮಳೆಗೆ ಅಲ್ಲೇ ಉಳಿದರು. ಸಂಜೆ ಏಳಕ್ಕೆ ಕರೆಂಟು ಹೋಯಿತು. ಹತ್ತರ ಹೊತ್ತಿಗೆ ಯು.ಪಿ.ಎಸ್. 'ಕುಂಯ್ ಕುಂಯ್' ಎನ್ನತೊಡಗಿತು. ಜನರೇಟರಿನ ಗುಂಡಿ ಒತ್ತಿದೆ. ಟಕ್ ಟಕ್ ಟಕ್.

ಮೊದಲು ಮಾಡಿದ್ದು ಅತ್ತೆಯವರ ಮೂಗಿನ ಕೊಳವೆಯನ್ನು ಸಿಲಿಂಡರಿಗೆ ಬದಲಾಯಿಸಿದ್ದು. ಈ ಯಂತ್ರ ಇರುವ ಮನೆಯಲ್ಲಿ ಒಂದು ಸಿಲಿಂಡರ್ ಇರಲೇಬೇಕು, ಅದರಲ್ಲಿ ವಾದವಿಲ್ಲ. ತುಂಬಿದ ಬಿ-ಟೈಪ್ ಸಿಲಿಂಡರ್ 2 ಲೀಟರಿನಂತೆ ಬಿಟ್ಟರೆ ಸುಮಾರು 12 ಗಂಟೆ ಬರುತ್ತದೆ. ನಮ್ಮದರ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಬೆಳಗಿನ ಜಾವ ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯವರೆಗೆ ಎಂದುಕೊಂಡೆ. ಅತ್ತೆಯವರು ಮೇಣದಬತ್ತಿ ಹಚ್ಚು ಅಂದರು. ಆಮ್ಲಜನಕ ಬಿಟ್ಟ ಕೋಣೆಯಲ್ಲಿ ಮೇಣದಬತ್ತಿಯೂ ಬೇಡ, ದೇವರ ದೀಪವೂ ಬೇಡ, ಊದುಬತ್ತಿಯೂ ಬೇಡ. ಬಟ್ಟೆಗೆ ಕಿಡಿ ತಾಗಿದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಹೊತ್ತಿಕೊಳ್ಳುತ್ತದೆ. ಟಾರ್ಚು ಇಟ್ಟುಕೊಳ್ಳಿ.

ಆಮೇಲೆ ಯು.ಪಿ.ಎಸ್.ನ ಸ್ವಿಚ್ಚನ್ನೇ ಆರಿಸಿದೆ. ದೀಪ ಆರಿಸಿದರೆ ಸಾಲದು, ಯು.ಪಿ.ಎಸ್. ತಾನೂ ಸುಮ್ಮನೆ ಕೂತೇ ಒಂದಿಷ್ಟು ಕುಡಿಯುತ್ತಿರುತ್ತದೆ. ಮತ್ತೆ ಮತ್ತೆ ಗುಂಡಿ ಒತ್ತುವ ಚಪಲ ಎಲ್ಲರಿಗೂ ಬರುತ್ತದೆ. ಅದೇ ಮಾಡಬಾರದ್ದು! ಪ್ರತಿ ಒತ್ತಿಗೂ ಉಳಿದದ್ದು ಕರಗುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ, ಇಲ್ಲವಾದರೆ ಸೆಲ್ಫ್ ಮೋಟಾರು ಸುಡುತ್ತದೆ. ಬಳಲಿದ ಬ್ಯಾಟರಿಯನ್ನು ಭಾರವಿಲ್ಲದೆ ಇಪ್ಪತ್ತು ನಿಮಿಷ ಬಿಟ್ಟರೆ ಅದು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಹೊಲ ಉತ್ತು ಬಂದ ಎತ್ತು ನೆರಳಲ್ಲಿ ನಿಂತ ಹಾಗೆ ಅನ್ನಿ.

ಆ ಇಪ್ಪತ್ತು ನಿಮಿಷದಲ್ಲಿ ಬ್ಯಾಟರಿಯ ತುದಿಗಳನ್ನು ನೋಡಿದೆ. ಬಿಳಿ-ಹಸಿರು ಹುಡಿ ಕಟ್ಟಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕದಡಿ, ಅದರಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬುಸುಬುಸು ನೊರೆ ಬಂದು ಹೋಗುತ್ತದೆ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಒಂದು ಹನಿಯೂ ಇಳಿಯಬಾರದು; ಒಳಗಿರುವುದು ಆಮ್ಲ. ಬಳೆ ತೆಗೆದಿಡಿ, ಕೈಗೆ ರಬ್ಬರಿನ ಗವಸು ಹಾಕಿ. ಲೋಹದ ಬಳೆ ಎರಡು ತುದಿಗೂ ತಾಗಿದರೆ ಕೈ ಸುಟ್ಟು ಬೊಬ್ಬೆಯೇಳುತ್ತದೆ. ಒರೆಸಿ, ಹಿಡಿಕೆಗಳನ್ನು ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಎಷ್ಟೋ ಮನೆಗಳಲ್ಲಿ 'ಬ್ಯಾಟರಿ ಸತ್ತಿದೆ' ಅನ್ನುವುದು ಬರೀ ಈ ಹುಡಿಯ ಕಾಟ.

ಮತ್ತೆ ಒತ್ತಿದರೆ ಎಂಜಿನ್ ಅರ್ಧ ಸುತ್ತು ತಿರುಗಿ ನಿಂತಿತು. ಮಳೆಗಾಲದ ಚಳಿಗೆ ಎಂಜಿನ್ ಎಣ್ಣೆ ಗಟ್ಟಿ, ಬ್ಯಾಟರಿಯೂ ಸೋಮಾರಿ.

ಶೆಡ್ಡಿನ ಎದುರೇ ಟ್ರ್ಯಾಕ್ಟರು ನಿಂತಿತ್ತು. ನನಗೆ ಓಡಿಸಲು ಬಾರದು. ಗೇರು ತಪ್ಪಿಸಿ, ಕ್ಲಚ್ಚು ಒತ್ತಿ ಸ್ಟಾರ್ಟು ಮಾಡಲು ಬರುತ್ತದೆ, ಇಂಥ ಹೊತ್ತಿಗೆ ಅಷ್ಟು ಸಾಕು. ಟ್ರ್ಯಾಕ್ಟರು, ಕಾರು ಸಾಮಾನ್ಯವಾಗಿ 12 ವೋಲ್ಟು. ಲಾರಿ, ಬಸ್ಸು 24 ವೋಲ್ಟು, ಅದನ್ನು ಮಾತ್ರ ಜೋಡಿಸಲೇಬೇಡಿ. ಎರಡು ದಪ್ಪ ಜಂಪರ್ ವೈರು ಮನೆಯಲ್ಲಿತ್ತು. ಎಂಜಿನ್ ನಿಂತಿರುವಾಗಲೇ ಕೆಂಪು ವೈರನ್ನು ಟ್ರ್ಯಾಕ್ಟರಿನ ಕೂಡುಗುರುತಿನ ತುದಿಯಿಂದ ಜನರೇಟರಿನ ಸೆಲ್ಫಿಗೆ ಬರುವ ಕೂಡುತಂತಿಯ ತುದಿಗೆ ಹಾಕಿದೆ; ಕಪ್ಪನ್ನು ಟ್ರ್ಯಾಕ್ಟರಿನ ಕಳೆಗುರುತಿನ ತುದಿಯಿಂದ ಜನರೇಟರಿನ ಎಂಜಿನ್ ಕಬ್ಬಿಣಕ್ಕೆ. ಕೊನೆಯ ಜೋಡಣೆಯನ್ನು ಬ್ಯಾಟರಿಯ ಹತ್ತಿರ ಮಾಡದಿರುವುದಕ್ಕೆ ಕಾರಣವಿದೆ: ಬ್ಯಾಟರಿಯಿಂದ ಹೊರಡುವ ಜಲಜನಕ ಕಿಡಿಗೆ ಸಿಡಿಯುತ್ತದೆ. ತೋಟದ ಆಳಿನ ಹುಡುಗ ಕೊಡೆ, ಟಾರ್ಚು ಹಿಡಿದು ನಿಂತಿದ್ದ, ಪಾಪ.

ಟ್ರ್ಯಾಕ್ಟರಿನ ಎಂಜಿನ್ ಹತ್ತು ನಿಮಿಷ ಓಡಿಸಿದೆ. ನಮ್ಮ ಜನರೇಟರಿನ ತಲೆಯ ಮೇಲೊಂದು ಪುಟ್ಟ ಕೀಲಿದೆ, ಡಿ-ಕಂಪ್ರೆಷನ್ ಲಿವರ್ ಅಂತಾರೆ. ಅದನ್ನೆತ್ತಿದರೆ ಎಂಜಿನ್ನೊಳಗಿನ ಒತ್ತಡ ಬಿಟ್ಟುಹೋಗಿ ಚಕ್ರ ಹಗುರಾಗಿ ತಿರುಗುತ್ತದೆ. ಹುಡುಗ ಅದನ್ನು ಎತ್ತಿ ಹಿಡಿದ, ನಾನು ಗುಂಡಿ ಒತ್ತಿದೆ, ಚಕ್ರಕ್ಕೆ ವೇಗ ಬಂದ ಮೇಲೆ ಅವನು ಕೀಲು ಬಿಟ್ಟ. ಎರಡು ಸಲ ಕೆಮ್ಮಿ ಗುಡುಗುಡು ಎಂದಿತು. ಹನ್ನೊಂದೂಮುಕ್ಕಾಲು ಆಗಿತ್ತು. ಒಳಗೆ ಹೋಗಿ ನೋಡಿದರೆ ನಮ್ಮತ್ತೆಯವರು, "ಬಂತಾ? ಇನ್ನು ಕಾಲೊರೆಸಿ ಬಾ, ಒಳಗೆಲ್ಲಾ ಕೆಸರು" ಅಂದರು!

ಎದ್ದ ಕೂಡಲೇ ಎಲ್ಲವನ್ನೂ ಹಾಕಬೇಡಿ. ನಾಲ್ಕೈದು ನಿಮಿಷ ಬರಿದೇ ಓಡಲಿ. ಆಮೇಲೆ ಆಮ್ಲಜನಕದ ಯಂತ್ರ, ಆಮೇಲೆ ಯು.ಪಿ.ಎಸ್. ಚಾರ್ಜು, ಬಾವಿಯ ಮೋಟಾರು ಕಟ್ಟಕಡೆಗೆ. ಹೊಗೆಯ ಮಾತು ಇನ್ನೂ ಮುಖ್ಯ. ಮಳೆ ಅಂತ ಜನರೇಟರನ್ನು ಜಗಲಿಗೋ ಹಿತ್ತಿಲ ಕೋಣೆಗೋ ಎಳೆದುಕೊಂಡು ಓಡಿಸಿದ ಮನೆಗಳಲ್ಲಿ ಮಲಗಿದವರು ಏಳದೆಹೋದ ಸುದ್ದಿ ಪತ್ರಿಕೆಗಳಲ್ಲಿ ಓದಿರುತ್ತೀರಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ-ಬಾಗಿಲಿಗೆ 20 ಅಡಿಯಾದರೂ ದೂರವಿರಲಿ, ಹೊಗೆಕೊಳವೆ ತೋಟದ ಕಡೆಗಿರಲಿ. ಇನ್ನು ಚೇಂಜ್ ಓವರ್ ಸ್ವಿಚ್ಚಿಲ್ಲದೆ ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಜಾಣರಿದ್ದಾರೆ. ಆ ಕರೆಂಟು ಹಿಂದೆ ಹರಿದು ಟ್ರಾನ್ಸ್‌ಫಾರ್ಮರ್ ಮುಟ್ಟಿ, ನಿಮಗಾಗಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನನ ಪ್ರಾಣ ತೆಗೆಯುತ್ತದೆ.

ಕಡೂರಿನಲ್ಲಿ ನಮ್ಮಕ್ಕನ ಮನೆಯಿದೆ. ಆ ಕಡೆ ಮಳೆ ಕಡಿಮೆ, ತೆಂಗಿನ ತೋಟ, ಬೋರ್‌ವೆಲ್ಲು. ಅವರದ್ದು ಹ್ಯಾಂಡಲ್ ತಿರುಗಿಸುವ ಹಳೇ ಎಂಜಿನ್ನು. ಬ್ಯಾಟರಿಯ ಹಂಗೇ ಇಲ್ಲ ಎಂದು ಅವಳಿಗೆ ಹೆಮ್ಮೆ. ಹೆಮ್ಮೆಪಡಲಿ, ಆದರೆ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಒಂದೇ ಕಡೆಗಿರಬೇಕು. ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಮೂಳೆ ಮುರಿಯುತ್ತದೆ. ಈರುಳ್ಳಿ ಬೆಳೆಯುವ ಅಜ್ಜಂಪುರದ ದೊಡ್ಡಪ್ಪನವರ ಮನೆಯಲ್ಲಿರುವುದು ಹಗ್ಗ ಎಳೆಯುವ ಪುಟ್ಟ ಪೆಟ್ರೋಲ್ ಜನರೇಟರು. ನಾಲ್ಕು ದೀಪಕ್ಕೆ ಅದು ಬಂಗಾರ. ಆಮ್ಲಜನಕದ ಯಂತ್ರ ರಾತ್ರಿಯಿಡೀ ಓಡಿಸಬೇಕಾದವರು ಮಾತ್ರ ಅದರ ಶಕ್ತಿ ಎಷ್ಟು, ಟ್ಯಾಂಕಿನ ಪೆಟ್ರೋಲು ಎಷ್ಟು ಗಂಟೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಲಿ.

ನಮ್ಮಲ್ಲಿ ಈಗ ಜನರೇಟರಿಗೆ ಅದರದ್ದೇ ಬ್ಯಾಟರಿ ಬಂದಿದೆ. ಶೆಡ್ಡಿನ ಹೆಂಚಿನ ಮೇಲೆ ಪುಟ್ಟದೊಂದು ಸೋಲಾರ್ ಹಲಗೆ, ಕಂಟ್ರೋಲರಿನ ಮೂಲಕ ಅದನ್ನು ಸದಾ ತುಂಬಿಡುತ್ತದೆ. ವೋಲ್ಟ್ ಮೀಟರೂ ಇದೆ. ಭಾರವಿಲ್ಲದೆ ಬಿಟ್ಟ ಬ್ಯಾಟರಿ 12.7 ತೋರಿದರೆ ತುಂಬಿದೆ, 12.2ಕ್ಕೆ ಅರ್ಧ, 11.8ಕ್ಕೆ ತಳ ಕಂಡಿತು ಎಂದು ತಿಳಿಯಿರಿ. ತಿಂಗಳ ಮೊದಲ ಭಾನುವಾರ ಯಜಮಾನರು ಮನೆಯಲ್ಲಿದ್ದರೂ ನಾನೇ ಸ್ಟಾರ್ಟು ಮಾಡಿ ಅರ್ಧ ಗಂಟೆ ಓಡಿಸುತ್ತೇನೆ. ಡೀಸೆಲ್ ಎಂಜಿನ್ನು ಭಾರವಿಲ್ಲದೆ ಓಡಿದರೆ ಒಳಗೆ ಮಸಿ ಕಟ್ಟುತ್ತದೆ, ಅದಕ್ಕೆ ದೋಸೆಗೆ ರುಬ್ಬುವುದನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದೇನೆ.