ತೇಲುವ ದೋಣಿ, ಕಲಿಸುವ ಕೈ

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಅವರಿಗೆ ಔಷಧ, ಆಹಾರ, ಶುಶ್ರೂಷೆ ಎಲ್ಲವನ್ನೂ ನಾವು ಒದಗಿಸುತ್ತೇವೆ. ಆದರೆ ಅವರಿಂದ ಏನನ್ನಾದರೂ ಕೇಳಿ ಪಡೆಯುವುದನ್ನು ಮಾತ್ರ ನಿಲ್ಲಿಸಿಬಿಡುತ್ತೇವೆ. ಕೊಡುವುದಕ್ಕೆ ತನ್ನಲ್ಲಿ ಇನ್ನೇನೂ ಉಳಿದಿಲ್ಲವೆಂಬ ಭಾವನೆ ಕಾಯಿಲೆಗಿಂತಲೂ ಹೆಚ್ಚಾಗಿ ಮನುಷ್ಯನನ್ನು ಕುಗ್ಗಿಸುತ್ತದೆ. ಈ ಸತ್ಯವನ್ನು ನನಗೆ ಮನಗಾಣಿಸಿದ್ದು ಒಂದು ಆಟಿಕೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಆ ಆಟಿಕೆ ಇಂದು ಅನೇಕ ಮನೆಗಳಿಗೆ ಪರಿಚಿತವಾಗಿರುವ ಲೆಗೋ ಇಟ್ಟಿಗೆ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಶ್ಚಿಯನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ತಯಾರಿಸತೊಡಗಿದರು. ‘ಚೆನ್ನಾಗಿ ಆಡು’ ಎಂಬ ಅರ್ಥದ ಡ್ಯಾನಿಷ್ ಮಾತುಗಳಿಂದ ‘ಲೆಗೋ’ ಎಂಬ ಹೆಸರು ಹುಟ್ಟಿತು. ಒಂದರ ಮೇಲೊಂದು ಬಿಗಿಯಾಗಿ ಕುಳಿತುಕೊಳ್ಳುವ ಇಂದಿನ ಪ್ಲಾಸ್ಟಿಕ್ ಇಟ್ಟಿಗೆಯ ವಿನ್ಯಾಸಕ್ಕೆ 1958ರಲ್ಲಿ ಪೇಟೆಂಟ್ ಕೋರಲಾಯಿತು. ಅಂದಿನ ಇಟ್ಟಿಗೆ ಇಂದಿನದಕ್ಕೂ ಹೊಂದಿಕೊಳ್ಳುತ್ತದೆ ಎನ್ನುವುದು ಅದರ ಹಿರಿಮೆ.

ನನ್ನ ಅಣ್ಣ ಮಲ್ಪೆಯಲ್ಲಿ ಯಾಂತ್ರಿಕ ಮೀನುಗಾರಿಕಾ ದೋಣಿಗಳ ಫಿಟ್ಟರ್ ಆಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದವರು. ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಿದ್ದ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ಬಹುತೇಕ ನಿಂತೇ ಹೋಯಿತು. ಬೆರಳುಗಳಿಗೆ ದಿನವೂ ಕೆಲಸ ಕೊಡಬೇಕೆಂದು ವೈದ್ಯರು ಸೂಚಿಸಿದರು. ನಾವು ಕೊಟ್ಟ ರಬ್ಬರ್ ಚೆಂಡನ್ನು ಅವರು ಒಂದೆರಡು ಬಾರಿ ಹಿಸುಕಿ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದರು. ನಾಲ್ಕು ತಿಂಗಳು ಹೀಗೆಯೇ ಸಾಗಿತು.

ಬೇಸಿಗೆ ರಜೆಯಲ್ಲಿ ಅಣ್ಣನ ಮೊಮ್ಮಗ ಊರಿಗೆ ಬಂದ. ಏಳನೆಯ ತರಗತಿಯ ಹುಡುಗ. ಕುವೈತಿನಲ್ಲಿ ದುಡಿಯುವ ಅವನ ತಂದೆ ತಂದುಕೊಟ್ಟ ಲೆಗೋ ಇಟ್ಟಿಗೆಗಳು, ಹಲ್ಲುಚಕ್ರಗಳು, ಚಿಕ್ಕ ಮೋಟಾರು ಅವನ ಬಳಿ ಇದ್ದವು. ನೀರಿನಲ್ಲಿ ತಾನಾಗಿ ಓಡುವ ದೋಣಿಯನ್ನು ಕಟ್ಟುವುದು ಅವನ ಹಂಬಲ. ಒಂದೇ ಅಚ್ಚಿನ, ತೇಲುವ ತಳವಿರುವ ದೋಣಿಗಳನ್ನು ಆ ಸಂಸ್ಥೆಯೇ 1970ರ ದಶಕದಿಂದ ಮಾರುತ್ತಿದೆ. ಆದರೆ ಹುಡುಗನ ಬಳಿ ಇದ್ದದ್ದು ಬಿಡಿ ಇಟ್ಟಿಗೆಗಳು ಮಾತ್ರ.

“ಚಿಕ್ಕಜ್ಜಿ, ಈ ಇಟ್ಟಿಗೆ ತೇಲುತ್ತದೆಯೋ, ಮುಳುಗುತ್ತದೆಯೋ?” ಎಂದು ಕೇಳಿದ. ವಿಜ್ಞಾನ ಶಿಕ್ಷಕಿಯಾಗಿ ನಿವೃತ್ತಳಾದ ನನಗೆ ಇದು ಇಷ್ಟವಾದ ಪ್ರಶ್ನೆ. ಎಬಿಎಸ್ ಎಂಬ ಆ ಪ್ಲಾಸ್ಟಿಕ್ ನೀರಿಗಿಂತ ತುಸುವೇ ಭಾರ. ಇಟ್ಟಿಗೆಯ ಟೊಳ್ಳಿನಲ್ಲಿ ಗಾಳಿ ಉಳಿದರೆ ಅದು ತೇಲುತ್ತದೆ. ನೀರಿನೊಳಗೆ ಹೊರಳಿಸಿ ಗಾಳಿಯನ್ನು ಬಿಟ್ಟರೆ ಮುಳುಗುತ್ತದೆ. 1997ರ ಫೆಬ್ರವರಿಯಲ್ಲಿ ‘ಟೋಕಿಯೋ ಎಕ್ಸ್‌ಪ್ರೆಸ್’ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಬಳಿ ದೊಡ್ಡ ಅಲೆಗೆ ಸಿಲುಕಿ 62 ಕಂಟೇನರುಗಳನ್ನು ಕಳೆದುಕೊಂಡಿತು. ಒಂದರಲ್ಲಿ ಸುಮಾರು 48 ಲಕ್ಷ ಲೆಗೋ ತುಂಡುಗಳಿದ್ದವು. ತೇಲುವ ತುಂಡುಗಳು ದಡಕ್ಕೆ ಬಂದವು. ಮುಳುಗುವಂಥವು ಎಷ್ಟೋ ವರ್ಷಗಳ ನಂತರ ಮೀನುಗಾರರ ಬಲೆಗೆ ಸಿಕ್ಕವು. ಈ ಕಥೆಯನ್ನು ನಾನು ಹೇಳುವಾಗ ಅಣ್ಣ ಗೋಡೆಯಿಂದ ಮುಖ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದರು.

ಹುಡುಗ ಎರಡೇ ದಿನದಲ್ಲಿ ಮೂವತ್ತು ಸೆಂಟಿಮೀಟರ್ ಉದ್ದ, ಹನ್ನೆರಡು ಸೆಂಟಿಮೀಟರ್ ಅಗಲ, ಐದು ಇಟ್ಟಿಗೆಯಷ್ಟು ಎತ್ತರದ ದೋಣಿ ಕಟ್ಟಿದ. ಮೋಟಾರನ್ನಿನ್ನೂ ಕೂರಿಸದೆ ಬಾವಿಯ ಬಳಿಯ ಸಿಮೆಂಟು ತೊಟ್ಟಿಯಲ್ಲಿ ಬಿಟ್ಟೆವು. ಮೊದಲು ಚೆನ್ನಾಗಿಯೇ ತೇಲಿತು. ಕೆಲವೇ ನಿಮಿಷಗಳಲ್ಲಿ ಒಳಗೆ ನೀರು ಜಿನುಗಿ ತಳ ಕಂಡಿತು. ಇಟ್ಟಿಗೆಗಳು ಎಷ್ಟೇ ಬಿಗಿಯಾಗಿ ಕೂತರೂ ನಡುವಿನ ಕೂದಲೆಳೆಯಂಥ ಸಂದು ನೀರಿಗೆ ಸಾಕು. ಹುಡುಗನ ಮುಖ ಬಾಡಿತು. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅಣ್ಣ ಎಡಗೈಯನ್ನೆತ್ತಿ ಬೆರಳಿನಿಂದ ಏನನ್ನೋ ಸವರುವಂತೆ ತೋರಿಸಿದರು. ಮರದ ದೋಣಿಯ ಹಲಗೆಗಳ ಸಂದಿಗೆ ಹತ್ತಿಯನ್ನು ತುಂಬಿ ಮೇಲೆ ರಾಳ, ಎಣ್ಣೆ ಹಚ್ಚುವ ಕೆಲಸವದು. ನಾವು ಸಂದುಗಳಿಗೆ ವ್ಯಾಸಲೀನ್ ಸವರಿ, ಒಳಗಡೆ ಪ್ಲಾಸ್ಟಿಕ್ ಟೇಪು ಅಂಟಿಸಿದೆವು. ನೀರು ನಿಂತಿತು.

ಮುಂದಿನದು ತೂಕದ ಲೆಕ್ಕ. ಮೋಟಾರು, ಆರು ಬ್ಯಾಟರಿಗಳ ಪೆಟ್ಟಿಗೆ ಎಲ್ಲ ಸೇರಿ ದೋಣಿ 720 ಗ್ರಾಂ ತೂಗಿತು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ತತ್ತ್ವ. ತಳದ ವಿಸ್ತೀರ್ಣ 360 ಚದರ ಸೆಂಟಿಮೀಟರ್. ಹಾಗಾದರೆ ದೋಣಿ ಎರಡು ಸೆಂಟಿಮೀಟರ್ ಮುಳುಗಬೇಕು. ಹುಡುಗ ಲೆಕ್ಕ ಮಾಡಿ ಪಕ್ಕದಲ್ಲಿ ಗೆರೆ ಎಳೆದ. ಆದರೆ ಬ್ಯಾಟರಿ ಪೆಟ್ಟಿಗೆಯನ್ನು ನೋಡಲು ಚೆಂದವೆಂದು ಮೇಲಂತಸ್ತಿನಲ್ಲಿಟ್ಟಿದ್ದ. ನೀರಿಗಿಳಿಸಿದೊಡನೆ ದೋಣಿ ಒಂದು ಬದಿಗೆ ವಾಲತೊಡಗಿತು. ಆಗ ಹಿಂದಿನಿಂದ, ತೊದಲಿದರೂ ಅರ್ಥವಾಗುವಂತೆ, ಎರಡು ಮಾತು ಕೇಳಿಸಿತು: “ಭಾರ... ಕೆಳಗೆ.”

ನಾಲ್ಕು ತಿಂಗಳಲ್ಲಿ ಅಣ್ಣ ಎರಡು ಪದಗಳನ್ನು ಜೋಡಿಸಿ ಆಡಿದ್ದು ಅದೇ ಮೊದಲು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಹುಡುಗನಿಗೆ ಅದರ ಮಹತ್ವ ತಿಳಿಯಲಿಲ್ಲ. “ಹೌದಜ್ಜ, ಕೆಳಗಿಡುತ್ತೇನೆ. ಆಮೇಲೆ ಏನು ಮಾಡಲಿ?” ಎಂದು ಕೇಳಿಯೇಬಿಟ್ಟ. ನಾವು ದೊಡ್ಡವರು ಯಾರೂ ಅಷ್ಟು ತಿಂಗಳು ಕೇಳದಿದ್ದ ಪ್ರಶ್ನೆಯದು.

ಆನಂತರದ ದಿನಗಳು ಅವರಿಬ್ಬರದೇ. ನೀರಿನೊಳಗೆ ತಿರುಗುವ ಪ್ರೊಪೆಲ್ಲರಿಗೆ ದೋಣಿಯ ಹಿಂಬದಿಯಲ್ಲಿ ರಂಧ್ರ ಬೇಕು. ದೊಡ್ಡ ದೋಣಿಗಳಲ್ಲಿ ಶಾಫ್ಟಿನ ಸುತ್ತ ಗ್ರೀಸು ಹಚ್ಚಿದ ಪ್ಯಾಕಿಂಗ್ ತುಂಬಿ ನೀರನ್ನು ತಡೆಯುತ್ತಾರೆ. ಅದು ಅಣ್ಣನ ಜೀವಮಾನದ ಕೆಲಸ. ಆದರೆ ಲೆಗೋ ಶಾಫ್ಟು ದುಂಡಗಿಲ್ಲ; ಕೂಡುವ ಚಿಹ್ನೆಯ ಆಕಾರದ್ದು. ಅದರ ನಾಲ್ಕು ತೋಡುಗಳಲ್ಲಿ ನೀರು ಒಳಗೆ ನುಗ್ಗುತ್ತದೆ. ಅಣ್ಣ ಆ ಶಾಫ್ಟನ್ನು ಎಡಗೈಯಲ್ಲಿ ಬಹಳ ಹೊತ್ತು ಹೊರಳಿಸಿ ನೋಡಿ, ತಲೆಯಾಡಿಸಿ, ಸ್ಲೇಟಿನ ಮೇಲೆ ನಡುಗುವ ಗೆರೆಗಳಲ್ಲಿ ಒಂದು ಚಕ್ರವನ್ನು ಬರೆದರು. ಹಳೆಯ ಕಾಲದ ಉಗಿಹಡಗುಗಳಿಗಿದ್ದ ಹುಟ್ಟುಚಕ್ರ! ಅದರ ಅಚ್ಚು ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ರಂಧ್ರದ ಭಯವಿಲ್ಲ. ಹುಡುಗ ಎಳೆದ ಎರಡು ಸೆಂಟಿಮೀಟರಿನ ಗೆರೆ ಈಗ ಕೆಲಸಕ್ಕೆ ಬಂತು. ಮೋಟಾರಿನ ಎಂಟು ಹಲ್ಲಿನ ಚಕ್ರಕ್ಕೆ ಇಪ್ಪತ್ತನಾಲ್ಕು ಹಲ್ಲಿನದನ್ನು ಜೋಡಿಸಿದಾಗ ವೇಗ ಮೂರರಲ್ಲೊಂದಾಗಿ ಬಲ ಹೆಚ್ಚಿತು. ಸಣ್ಣ ತುಂಡುಗಳನ್ನು ಹುಡುಗ ಜೋಡಿಸುವಾಗ ದೋಣಿ ಅಲುಗದಂತೆ ಹಿಡಿಯುವ ಕೆಲಸ ಅಜ್ಜನದು. ಯಾರೂ ಹೇಳದೆಯೇ ಸೋತ ಬಲಗೈಯೂ ದೋಣಿಯ ಮೇಲೆ ಬಂದು ಕುಳಿತಿತು.

ರಜೆ ಮುಗಿಯುವ ಮುನ್ನ ದೋಣಿ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಚಪಚಪನೆ ನೀರು ಬಡಿಯುತ್ತ ಸಾಗಿತು. ತುಸು ಎಡಕ್ಕೆ ಎಳೆಯುತ್ತಿತ್ತು. ಅದನ್ನು ಸರಿಪಡಿಸುವ ಬಗೆಗೆ ಅಜ್ಜ-ಮೊಮ್ಮಗನ ಚರ್ಚೆ ಇಂದಿಗೂ ದೂರವಾಣಿಯಲ್ಲಿ ನಡೆದಿದೆ. ಅಣ್ಣನ ಬಲಗೈ ಪೂರ್ತಿ ಮರಳಿಲ್ಲ. ಮರಳುವ ಭರವಸೆಯನ್ನು ವೈದ್ಯರೂ ಕೊಟ್ಟಿಲ್ಲ. ಮಾತು ಇಂದಿಗೂ ತಡವರಿಸುತ್ತದೆ. ಆಟಿಕೆ ಪವಾಡ ಮಾಡಿತೆಂದು ನಾನು ಹೇಳಲಾರೆ. ಆದರೆ ಅವರು ಈಗ ಬೆಳಿಗ್ಗೆ ತಾವಾಗಿ ಬೆರಳಿನ ವ್ಯಾಯಾಮಕ್ಕೆ ಕೂರುತ್ತಾರೆ. ಮುಂದಿನ ರಜೆಗೆ ಮಾಡಬೇಕಾದ ಕೆಲಸ ಅವರಿಗಿದೆ.

ಲೆಗೋ ದುಬಾರಿ ಆಟಿಕೆ. ಎಲ್ಲರ ಕೈಗೂ ಎಟುಕುವಂಥದಲ್ಲ. ಅದೇ ಬೇಕೆಂದೂ ಇಲ್ಲ. ಅಡಿಕೆ ಹಾಳೆಯ ದೋಣಿಯೂ ತೇಲುತ್ತದೆ, ಬಾಳೆದಿಂಡಿನದೂ ತೇಲುತ್ತದೆ. ಹೆಣಿಗೆ, ಹೊಲಿಗೆ, ಕಸಿ ಕಟ್ಟುವುದು, ಉಪ್ಪಿನಕಾಯಿಯ ಹದ, ಹೀಗೆ ಪ್ರತಿಯೊಬ್ಬ ಹಿರಿಯರ ಕೈಯಲ್ಲೂ ಒಂದು ವಿದ್ಯೆ ಅಡಗಿರುತ್ತದೆ. ಕೈ ಸೋತರೂ ವಿದ್ಯೆ ಸೋಲುವುದಿಲ್ಲ. ಅದಕ್ಕೆ ಇನ್ನೊಂದು ಕೈ ಜೊತೆಯಾಗಬೇಕಷ್ಟೆ. ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿ. ಅವರಿಗೆ ಏನು ಬೇಕೆಂದು ಕೇಳುವ ಜೊತೆಗೆ, ಮುಂದೇನು ಮಾಡಬೇಕೆಂದೂ ಕೇಳಲು ಆ ಮಗುವಿಗೆ ಅವಕಾಶ ಕೊಡಿ.