ಒಪ್ಪಿ ಕೊಟ್ಟ ಹೊನ್ನು

ನುಲಿಯ ಚಂದಯ್ಯನವರ ಕಾಯಕ ಹುಲ್ಲು ಕೊಯ್ದು ಹಗ್ಗ ಹೊಸೆಯುವುದು. ಅವರು ಹೊಸೆದ ಹಗ್ಗವನ್ನು ಲಿಂಗದೇವನೇ ಹೊತ್ತು ಮಾರಲು ಹೋದ ಪ್ರಸಂಗ ಶರಣಪರಂಪರೆಯಲ್ಲಿ ಪ್ರಸಿದ್ಧವಾದುದು. ಹಗ್ಗವನ್ನು ಕೊಂಡ ಬಸವಣ್ಣನವರು ಅದರ ಬೆಲೆಗಿಂತ ಬಹಳ ಮಿಗಿಲಾದ ಹೊನ್ನನ್ನು ಭಕ್ತಿಯಿಂದ ಕೊಡುತ್ತಾರೆ. ಚಂದಯ್ಯನವರು ಅದನ್ನು ಒಪ್ಪುವುದಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಯಷ್ಟೇ ತನ್ನದು, ಮಿಕ್ಕದ್ದು ಹಿಂದಿರುಗಬೇಕು ಎಂಬುದು ಅವರ ನಿಲುವು.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರ್ಲೋಭಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಜೊತೆಯಲ್ಲಿ ಚಂದಯ್ಯನವರನ್ನೂ ನಿಲ್ಲಿಸಿ ಪ್ರವಚನ ಮುಂದಕ್ಕೆ ಸಾಗುತ್ತದೆ. ಆದರೆ ಎರಡು ಪ್ರಸಂಗಗಳಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಲಕ್ಕಮ್ಮನವರ ಪ್ರಸಂಗದಲ್ಲಿ ಕೊಳ್ಳುವವನಿಲ್ಲ, ಮಾರುವವನಿಲ್ಲ. ಚಂದಯ್ಯನವರದು ಅಂಗಡಿಯ ಮಾತು. ಅಲ್ಲಿ ಕೊಳ್ಳುವವನಿಗೆ ಯಾರೂ ಸುಳ್ಳು ಹೇಳಿಲ್ಲ, ಯಾರೂ ಒತ್ತಾಯ ಮಾಡಿಲ್ಲ. ಅವನು ತಾನಾಗಿ ಒಪ್ಪಿ ಕೊಟ್ಟಿದ್ದಾನೆ. ಹಾಗಿದ್ದೂ ಮಾರುವವನು ಆ ಒಪ್ಪಿಗೆಯನ್ನು ಬೆಲೆಯೆಂದು ಅಂಗೀಕರಿಸುವುದಿಲ್ಲ. ಇಂದಿನ ವ್ಯಾಪಾರದಲ್ಲಿ ಮೋಸದ ಬಹುಭಾಗ ನಡೆಯುತ್ತಿರುವುದು ಈ ಒಪ್ಪಿಗೆಯ ಹೆಸರಿನಲ್ಲಿಯೇ. "ನೀವೇ ಸಹಿ ಹಾಕಿದ್ದೀರಲ್ಲ" ಎಂಬ ಒಂದು ಮಾತಿನಲ್ಲಿ ಎಲ್ಲ ಪ್ರಶ್ನೆಗಳೂ ಮುಚ್ಚಿಹೋಗುತ್ತವೆ. ಕಾರು ಮಾರುವ ಮಳಿಗೆಗಳಲ್ಲಿ ಈ ಮಾತು ಕೇಳಿಬರುವಷ್ಟು ಬೇರೆಡೆ ಕೇಳಿಬರಲಾರದೇನೋ.

ದಾವಣಗೆರೆ ವ್ಯಾಪಾರ ಬಲ್ಲ ಊರು. ಹತ್ತಿ, ಗಿರಣಿ, ಅಕ್ಕಿ, ಮೆಕ್ಕೆಜೋಳ ಎಂದು ತಲೆಮಾರುಗಳಿಂದ ತೂಕ ಮತ್ತು ಬೆಲೆಯ ನಡುವೆಯೇ ಬದುಕಿದ ಜನ ಇಲ್ಲಿಯವರು. ಸುತ್ತಲಿನ ಹಳ್ಳಿಯ ರೈತ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ನೊಗಕ್ಕೆ ಹೂಡಿ ನೋಡುತ್ತಾನೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳಿದರೂ ಅದು ಎಷ್ಟೆಂಬುದು ಅವನಿಗೆ ಅರ್ಥವಾಗುತ್ತದೆ. ಅದೇ ರೈತ ಹೆದ್ದಾರಿ ಬದಿಯ ಗಾಜಿನ ಮಳಿಗೆಯೊಳಗೆ ಕಾಲಿಟ್ಟು, ತಣ್ಣನೆಯ ಗಾಳಿಯಲ್ಲಿ ಕುಳಿತು, ಕೈಗೆ ಕಾಫಿ ಬಂದೊಡನೆ ಹಲ್ಲು ನೋಡುವುದನ್ನು ಮರೆಯುತ್ತಾನೆ. ಕಾರಿಗೂ ಹಲ್ಲುಂಟು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಹರಿಹರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ತಮ್ಮ ಪತ್ನಿಯೊಡನೆ ಹೊಸ ಕಾರು ನೋಡಲು ದಾವಣಗೆರೆಗೆ ಬಂದರು. ಮಳಿಗೆಯಲ್ಲಿ ಅವರನ್ನು ಎದುರುಗೊಂಡ ತರುಣನ ಹಣೆಯಲ್ಲಿ ವಿಭೂತಿ ಇತ್ತು. "ಶರಣು ಶರಣಾರ್ಥಿ ಮೇಷ್ಟ್ರೇ, ಗುರ್ತು ಸಿಕ್ತಾ?" ಎಂದು ಕಾಲಿಗೆರಗಿದ. ಹನ್ನೆರಡು ವರ್ಷದ ಹಿಂದೆ ಅವರ ತರಗತಿಯಲ್ಲಿ ಕುಳಿತಿದ್ದ ಹುಡುಗ. ಮೇಷ್ಟ್ರ ಮನಸ್ಸು ಕರಗಿತು. ಅವರು ತಂದಿದ್ದ ಪ್ರಶ್ನೆಗಳ ಚೀಟಿ ಜೇಬಿನಲ್ಲಿಯೇ ಉಳಿಯಿತು. ಮಠಕ್ಕೆ ನಡೆದುಕೊಳ್ಳುವ ಮನೆತನದವರು ಬಂದರೆ ಈ ಹುಡುಗನನ್ನೇ ಮುಂದೆ ಬಿಡುವುದು ಅಲ್ಲಿನ ವ್ಯವಸ್ಥಾಪಕರ ಪದ್ಧತಿ ಎಂಬುದು ಅವರಿಗೆ ತಿಳಿದದ್ದು ಬಹಳ ತಡವಾಗಿ. 'ನಮ್ಮವರು' ಎಂಬ ಪದವೂ ಮಾರಾಟದ ಸಾಮಗ್ರಿಯಾಗಬಲ್ಲದು. ನಮಸ್ಕಾರದ ಮಾತನ್ನು ವ್ಯಾಪಾರಕ್ಕೆ ಬಳಸುವುದು ಬೆಲೆಯಲ್ಲಿ ಸಾವಿರ ರೂಪಾಯಿ ಹೆಚ್ಚಿಸುವುದಕ್ಕಿಂತ ಕೆಟ್ಟದ್ದು. ಹೋದ ಸಾವಿರವನ್ನು ಮತ್ತೆ ಗಳಿಸಬಹುದು.

ಹುಡುಗ ಕೊಟ್ಟ ಕೊಟೇಶನ್ನಿನ ಕೊನೆಯ ಸಾಲಿನಲ್ಲಿ ಒಂದೇ ಒಂದು ಮೊತ್ತ ದಪ್ಪಕ್ಷರದಲ್ಲಿತ್ತು. ಆನ್ ರೋಡ್ ಬೆಲೆ ಎಂಬ ಈ ಮೊತ್ತವೇ ಎಲ್ಲ ಮರೆಗಳ ತಾಯಿ. ಅದರೊಳಗೆ ಕಾರಿನ ಬೆಲೆ ಇರುತ್ತದೆ, ಸರ್ಕಾರಕ್ಕೆ ಹೋಗುವ ಜೀವಾವಧಿ ತೆರಿಗೆ ಇರುತ್ತದೆ. ಕರ್ನಾಟಕದಲ್ಲಿ ಈ ತೆರಿಗೆ ಕಡಿಮೆಯೇನಲ್ಲ. ಐದು ಲಕ್ಷ ಮೀರಿ ಹತ್ತು ಲಕ್ಷದವರೆಗಿನ ಕಾರಿಗೆ ಶೇ. 14, ಅದರ ಮೇಲೆ ಉಪಕರ. ಇಷ್ಟು ದೊಡ್ಡ ಮೊತ್ತದ ನೆರಳಿನಲ್ಲಿ ಸಣ್ಣ ಸಣ್ಣ ಸಾಲುಗಳು ಸುಲಭವಾಗಿ ಅಡಗುತ್ತವೆ. ಮೇಷ್ಟ್ರ ಪತ್ನಿ ಕನ್ನಡಕ ಹಾಕಿಕೊಂಡು ಓದಿದಾಗ ಹ್ಯಾಂಡ್ಲಿಂಗ್ ಶುಲ್ಕ 8,500, ಎಸೆನ್ಷಿಯಲ್ ಕಿಟ್ 16,000, ವಿಮೆ 41,000 ಎಂಬ ಸಾಲುಗಳು ಕಂಡವು. "ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪಾ?" ಎಂದು ಆಕೆ ಕೇಳಿದರು. "ಅದು ಎಲ್ರಿಗೂ ಇರೋದೇ ಅಮ್ಮಾ" ಎಂದ ಹುಡುಗ. ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ವಿಮೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯವಾದದ್ದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ, 2018ರ ಸೆಪ್ಟೆಂಬರ್ 1ರಿಂದ. ಇದರ ಕಂತನ್ನು ಸರ್ಕಾರ ನಿಗದಿಪಡಿಸುತ್ತದೆ. 1000 ಸಿಸಿ ಮೀರಿ 1500 ಸಿಸಿವರೆಗಿನ ಕಾರಿಗೆ 2022ರ ಜೂನ್‌ನಲ್ಲಿ ಗೊತ್ತುಪಡಿಸಿದ ಮೊತ್ತ 10,640 ರೂಪಾಯಿ. ಯಾವ ಕಂಪನಿಯಲ್ಲಿ ಕೊಂಡರೂ ಈ ಭಾಗ ಒಂದೇ. ವ್ಯತ್ಯಾಸವಾಗುವುದು ಕಾರಿಗೆ ಆಗುವ ಹಾನಿಯ ವಿಮೆಯಲ್ಲಿ ಮತ್ತು ಅದಕ್ಕೆ ಪೋಣಿಸುವ ಹೆಚ್ಚುವರಿಗಳಲ್ಲಿ. ಮಳಿಗೆಯವರಿಗೆ ಸಿಗುವ ಪಾಲು ಹುಟ್ಟುವುದೂ ಅಲ್ಲಿಯೇ. ಮಳಿಗೆಯವರು ತಮ್ಮಲ್ಲಿಯೇ ವಿಮೆ ಕೊಳ್ಳಬೇಕೆಂದು ಗ್ರಾಹಕನನ್ನು ಬಲವಂತ ಮಾಡಕೂಡದು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರ 2017ರ ನವೆಂಬರ್‌ನಿಂದ ಜಾರಿಗೆ ತಂದ ಮಾರ್ಗಸೂಚಿಯಲ್ಲಿಯೇ ಇದೆ. ಮೇಷ್ಟ್ರು ಹರಿಹರಕ್ಕೆ ಮರಳಿ ವಿಚಾರಿಸಿದಾಗ ಅದೇ ಕಾರಿಗೆ, ಅದೇ ರಕ್ಷಣೆಗೆ, 27,000 ರೂಪಾಯಿಗೆ ವಿಮೆ ಸಿಗುವುದು ತಿಳಿಯಿತು. ಹದಿನಾಲ್ಕು ಸಾವಿರದ ಅಂತರ ಕೊಟೇಶನ್ನಿನಲ್ಲಿ 'ವಿಮೆ' ಎಂಬ ಎರಡೇ ಅಕ್ಷರದ ಹಿಂದೆ ಕುಳಿತಿತ್ತು. (ಕಾರಿನ ಬೆಲೆ ಹತ್ತು ಲಕ್ಷ ಮೀರಿದರೆ ಶೇ. 1ರ ಟಿಸಿಎಸ್ ಎಂಬ ಇನ್ನೊಂದು ಸಾಲು ಸೇರುತ್ತದೆ. ಅದು ಖರ್ಚಲ್ಲ, ಮುಂಗಡವಾಗಿ ಕಟ್ಟಿದ ಆದಾಯ ತೆರಿಗೆ. ವಿವರಪಟ್ಟಿ ಸಲ್ಲಿಸಿದರೆ ತೆರಿಗೆಗೆ ವಜಾ ಆಗುತ್ತದೆ ಅಥವಾ ಹಿಂದಿರುಗುತ್ತದೆ. ಇದನ್ನು ತಾವಾಗಿ ಹೇಳುವ ಮಾರಾಟಗಾರರು ವಿರಳ.)

ಸಾಲದ ಮಾತಿನಲ್ಲಿ ಇನ್ನೂ ನಯವಾದ ಚಾತುರ್ಯವುಂಟು. ಐದು ಲಕ್ಷ ರೂಪಾಯಿ ಸಾಲ, ಐದು ವರ್ಷ, "ಬರೀ 7 ಪರ್ಸೆಂಟ್ ಫ್ಲಾಟ್" ಎಂದು ಹುಡುಗ ಹೇಳಿದ. ಫ್ಲಾಟ್ ಎಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಐದು ಲಕ್ಷದ ಮೇಲೆಯೇ ನಡೆಯುತ್ತಿರುತ್ತದೆ. ಐದು ವರ್ಷಕ್ಕೆ ಬಡ್ಡಿ 1,75,000, ತಿಂಗಳ ಕಂತು 11,250. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕದಲ್ಲಿ ಇದೇ ಕಂತು ಬರಬೇಕಾದರೆ ಬಡ್ಡಿದರ ಸುಮಾರು ಶೇ. 12.5 ಆಗಿರಬೇಕು. ಏಳು ಎಂಬುದು ಸುಳ್ಳಲ್ಲ, ಸತ್ಯವೂ ಅಲ್ಲ. ಈ ಬಗೆಯ ಮಾತಿಗಾಗಿಯೇ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೂ ಮುಖ್ಯಾಂಶಗಳ ಹಾಳೆಯೊಂದನ್ನು ಕಡ್ಡಾಯ ಮಾಡಿದೆ. ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ಬರೆದಿರಲೇಬೇಕು. ಸಹಿಗೆ ಮುನ್ನ ಆ ಹಾಳೆಯನ್ನು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಇನ್ನು ಕಾರಿನ ಹಲ್ಲು. ಪ್ರತಿ ಕಾರಿಗೂ ಹದಿನೇಳು ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರ್ ಇರುತ್ತದೆ. ತಯಾರಾದ ಕಾಲದ ಗುರುತು ಅದರಲ್ಲಿಯೇ ಅಡಗಿರುತ್ತದೆ. ಅದನ್ನು ಓದಲು ಬಾರದವರು ತಯಾರಕರು ಕೊಡುವ ಫಾರಂ 22ನ್ನು ಕೇಳಿದರೆ ಸಾಕು. ತಿಂಗಳು ಮತ್ತು ವರ್ಷ ಅದರಲ್ಲಿ ನೇರವಾಗಿ ಬರೆದಿರುತ್ತದೆ. ಅದೇ ತಿಂಗಳು ಆರ್‌ಸಿಯಲ್ಲಿಯೂ ದಾಖಲಾಗುತ್ತದೆ. ಮುಂದೆ ಮಾರುವಾಗ ಬೆಲೆ ಕಟ್ಟುವವರು ನೋಡುವುದು ಅದನ್ನೇ. ಮೇಷ್ಟ್ರು ಜೂನ್ ತಿಂಗಳಲ್ಲಿ ಕೊಳ್ಳಲು ಹೊರಟ ಕಾರು ಹಿಂದಿನ ವರ್ಷದ ನವೆಂಬರಿನಲ್ಲಿ ತಯಾರಾದದ್ದೆಂದು ಈ ಹಾಳೆಯಿಂದ ಗೊತ್ತಾಯಿತು. "ಇವತ್ತು ಸಂಜೆಗೆ ಆಫರ್ ಮುಗಿಯುತ್ತೆ" ಎಂಬ ಅವಸರದ ಕಾರಣವೂ ಆಗಲೇ ಸ್ಪಷ್ಟವಾಯಿತು. ಹಳೆಯ ಕಾರನ್ನು ರಿಯಾಯಿತಿ ಕೊಟ್ಟು ಮಾರುವುದು ತಪ್ಪಲ್ಲ. ಅದು ಹಳೆಯದೆಂದು ಹೇಳದಿರುವುದು ತಪ್ಪು.

ಇಂಥ ಪ್ರಕರಣವೊಂದು ಗೋವಾದಿಂದ ಹೊರಟು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2011ರ ಮಾದರಿಗೆಂದು ಹಣ ಕಟ್ಟಿದ ಗ್ರಾಹಕರೊಬ್ಬರಿಗೆ ಸಿಕ್ಕಿದ್ದು 2009ರಲ್ಲಿ ತಯಾರಾಗಿ ಆಗಲೇ 622 ಕಿಲೋಮೀಟರ್ ಓಡಿದ್ದ ಕಾರು. 2021ರ ಫೆಬ್ರವರಿ 18ರ ತೀರ್ಪಿನಲ್ಲಿ ನ್ಯಾಯಾಲಯ ತಯಾರಿಕಾ ಕಂಪನಿಯನ್ನು ಹೊಣೆಯಿಂದ ಬಿಡುಗಡೆ ಮಾಡಿತು, ಮಾರಿದ ಮಳಿಗೆಯ ಹೊಣೆ ಉಳಿಯಿತು. ಕಂಪನಿಯ ದೊಡ್ಡ ಹೆಸರನ್ನು ನಂಬಿ ಮಳಿಗೆಯ ಸಣ್ಣ ಅಕ್ಷರಗಳನ್ನು ಓದದವರು ಈ ತೀರ್ಪನ್ನು ನೆನಪಿನಲ್ಲಿಡಬೇಕು. ದೂರು ಕೊಡುವ ದಾರಿ ಈಗ ಅಷ್ಟು ದುರ್ಗಮವೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷ ಮೀರಿ ಹತ್ತು ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿ ಇದೆ.

ಮೇಷ್ಟ್ರು ಎರಡನೆಯ ಬಾರಿ ಮಳಿಗೆಗೆ ಬಂದಾಗ ಕೆಂಪು ಪೆನ್ನು ತಂದಿದ್ದರು, ಉತ್ತರಪತ್ರಿಕೆ ತಿದ್ದುವವರಂತೆ. ಹ್ಯಾಂಡ್ಲಿಂಗ್ ಸಾಲಿಗೆ ಗೀಟು, ಕಿಟ್‌ಗೆ ಗೀಟು, ವಿಮೆಗೆ ಗೀಟು. ಹುಡುಗ ತಲೆ ತಗ್ಗಿಸಿ, "ಇದೆಲ್ಲಾ ತೆಗೆದ್ರೆ ನಂಗೆ ಈ ತಿಂಗಳು ಇನ್ಸೆಂಟಿವ್ ಬರಲ್ಲ ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿದ. ಅದು ನಿಜವಾಗಿತ್ತು. ಅವನ ಸಂಬಳ ಸಣ್ಣದು. ಕಾರು ಮಾರಿದ್ದಕ್ಕಿಂತ ವಿಮೆ, ಕಿಟ್, ಸಾಲ ಇವುಗಳನ್ನು ಹಚ್ಚಿದ್ದಕ್ಕೇ ಅವನಿಗೆ ಹೆಚ್ಚು ಸಿಗುತ್ತಿತ್ತು. ಮಾರುವವನು ಸ್ವತಂತ್ರನಲ್ಲ. ಅವನ ಮೇಲಿನ ಮಳಿಗೆಯವನೂ ಪೂರ್ಣ ಸ್ವತಂತ್ರನಲ್ಲ. ಮಳಿಗೆಗಳು ತಾವಾಗಿ ಹೆಚ್ಚಿನ ರಿಯಾಯಿತಿ ಕೊಡದಂತೆ ತಡೆದಿದ್ದಕ್ಕಾಗಿ ಸ್ಪರ್ಧಾ ಆಯೋಗವು 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು.

ಮೇಷ್ಟ್ರು ತಡವರಿಸಿದರು. ಕಲಿಸಿದ ಮಗು, ಎರಡು ಸಾಲು ಉಳಿಸಿದರೆ ತನಗೇನು ನಷ್ಟ ಎಂದು ಯೋಚಿಸಿದರು. ಆಗ ಅವರ ಪತ್ನಿ, "ಅವನಿಗೆ ಕೊಡ್ಬೇಕು ಅನ್ಸಿದ್ರೆ ಕೈಗೆ ಕೊಡ್ರಿ. ವಿಮೆ ಹೆಸರಲ್ಲಿ ಯಾಕೆ ಕೊಡ್ತೀರಿ?" ಎಂದರು. ದಾಸೋಹವನ್ನೂ ಬೆಲೆಯನ್ನೂ ಬೇರೆ ಬೇರೆಯಾಗಿ ಇಡುವ ಈ ಮಾತಿನಲ್ಲಿ ಪಾಂಡಿತ್ಯವಿಲ್ಲ. ಆದರೆ ಕರುಣೆಗೆ ಮಣಿದು ಮೋಸಕ್ಕೆ ಸಹಿ ಹಾಕಿದರೆ ಮೋಸ ಮುಂದಿನ ಗ್ರಾಹಕನ ಬಳಿಗೆ ಇನ್ನಷ್ಟು ಧೈರ್ಯದಿಂದ ಹೋಗುತ್ತದೆ ಎಂಬುದನ್ನು ಆ ತಾಯಿ ಬಲ್ಲವರಾಗಿದ್ದರು. ಸಾಲುಗಳು ಹೊಡೆದುಹೋದವು. ವ್ಯವಸ್ಥಾಪಕರು ಮುಖ ಗಂಟಿಕ್ಕಿಕೊಂಡರು, ರಿಯಾಯಿತಿಯೂ ಸ್ವಲ್ಪ ಕುಗ್ಗಿತು. ಅದೇ ವರ್ಷದ ಮೇ ತಿಂಗಳಲ್ಲಿ ತಯಾರಾದ ಕಾರು ಮೂರು ವಾರಗಳ ನಂತರ ಬಂದಿತು.

ಉಳಿದದ್ದು ಮನೆಯಲ್ಲಿದ್ದ ಹಳೆಯ ಕಾರು. ಬದಲಿಗೆ ಕೊಟ್ಟರೆ ಮಳಿಗೆಯವರು ಕಟ್ಟಿದ ಬೆಲೆ ತೀರ ಕಡಿಮೆ. ಅದಲ್ಲದೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಕೊಡಿ ಎಂದರು. ಹೀಗೆ ಖಾಲಿ ಹಾಳೆ ಕೊಡುವುದು ಎಷ್ಟು ಅಪಾಯವೆಂಬುದನ್ನು ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿಯ ತೀರ್ಪೊಂದು ತೋರಿಸಿದೆ. ಕಾರು ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ. 2023ರ ಏಪ್ರಿಲ್ 1ರಿಂದ ಹಳೆಯ ವಾಹನ ಮಾರುವವರು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥವರಿಗೆ ಕೊಟ್ಟರೆ ವಿಧಿವತ್ತಾಗಿ ತಿಳಿಸಿದ ಮೇಲೆ ಹೊಣೆ ಅವರಿಗೆ ವರ್ಗವಾಗುತ್ತದೆ. ಬೀದಿಬದಿಯ ದಲ್ಲಾಳಿಗೆ ಕೊಟ್ಟರೆ ಆಗುವುದಿಲ್ಲ.

ಮೇಷ್ಟ್ರು ಹರಿಹರದಲ್ಲಿಯೇ, ತಮ್ಮ ಬೀದಿಯ ದಿನಸಿ ಅಂಗಡಿಯವರಿಗೆ ಕಾರನ್ನು ಮಾರಲು ನಿಶ್ಚಯಿಸಿದರು. ಎರಡು ಲಕ್ಷಕ್ಕೆ ಮಾತಾಯಿತು. ಅಂಗಡಿಯವರು ಬಾನೆಟ್ ಎತ್ತಿ ನೋಡಿ, ತುಂಗಭದ್ರಾ ಸೇತುವೆಯವರೆಗೆ ಓಡಿಸಿ ನೋಡಿ, ತೃಪ್ತರಾಗಿ ಮುಂಗಡ ತಂದರು. ಐದು ವರ್ಷದ ಹಿಂದೆ ಲಾರಿಯೊಂದು ತಾಗಿ ಎಡಗಡೆಯ ಎರಡು ಬಾಗಿಲು ಬದಲಾಗಿದ್ದವು. ಬಣ್ಣ ಚೆನ್ನಾಗಿ ಕೂಡಿದ್ದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಅಂಗಡಿಯವರು ಕೇಳಿಯೂ ಇರಲಿಲ್ಲ. ಮೇಷ್ಟ್ರು ರಸೀದಿ ಬರೆಯಲು ಕುಳಿತವರು ಮೊದಲು ಅದನ್ನು ಹೇಳಿದರು, ಆಮೇಲೆ ರಸೀದಿಯಲ್ಲಿಯೂ ಬರೆದರು. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಂದಿದ್ದ ಹಣದಲ್ಲಿ ಹದಿನೈದು ಸಾವಿರ ಎಣಿಸಿ ಮತ್ತೆ ಜೇಬಿಗಿಟ್ಟುಕೊಂಡರು.